ಕೂಗಳತೆಯ ನಕ್ಷೆ

ನನ್ನ ಪೆಟ್ಟಿಗೆ ತೆರೆದಿರುವಾಗ ಯಾರೂ ಗಟ್ಟಿಯಾಗಿ ಮಾತಾಡಬಾರದು. ನಾನು ಇಟ್ಟುಕೊಂಡಿದ್ದ ಕಾನೂನು ಅದೊಂದೇ. ಪುಟದ ಅಂಚು ಮಡಚಿದರೆ ಸಹಿಸುತ್ತಿದ್ದೆ, ಬೆಲ್ಲದ ಕೈಯಲ್ಲಿ ಚಿತ್ರ ಮುಟ್ಟಿದರೂ ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ಮಕ್ಕಳು ಓದುವ ಹೊತ್ತಿಗೆ ಯಾರಾದರೂ ದನಿ ಎತ್ತಿದರೆ ಎಲ್ಲಿಲ್ಲದ ಸಿಟ್ಟು ಬರುತ್ತಿತ್ತು. ಅಂಥವನು ಒಂದು ಬೇಸಿಗೆಯಲ್ಲಿ ಬೆಟ್ಟದ ಮನೆಮನೆಯಿಂದಲೂ ಕೂಗಿಸಿದೆ ಎಂದರೆ ನನ್ನನ್ನು ಬಲ್ಲವರು ಇವತ್ತಿಗೂ ನಗುತ್ತಾರೆ.

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ. ಮೂಡಿಗೆರೆಯ ಮಿಡ್ಲ್ ಸ್ಕೂಲಿನಲ್ಲಿ ಲೈಬ್ರರಿ ನನ್ನ ಪಾಲಿಗಿತ್ತು. ಲೈಬ್ರರಿ ಎಂದರೆ ಒಂದು ಕೋಣೆ, ಗೆದ್ದಲಿಗೆ ಹೆದರಿ ನೀರಿನ ತಟ್ಟೆಗಳಲ್ಲಿ ಕಾಲಿಟ್ಟು ನಿಂತ ಬೀರುಗಳು, ಜತೆಗೆ ತಗಡು ಹೊಡೆಸಿದ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿಕೊಂಡು ಸುತ್ತಲಿನ ಪ್ರೈಮರಿ ಶಾಲೆಗಳಿಗೆ ಸರದಿಯಂತೆ ಹೋಗಿಬರುವುದು ನನ್ನ ಕೆಲಸ. ಪೆಟ್ರೋಲಿಗೆ ತತ್ವಾರವಾಗಿ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದರೆ ನಾವೆಲ್ಲ ಇಳಿದು ತಳ್ಳಬೇಕು, ಪೆಟ್ಟಿಗೆ ಮಾತ್ರ ಒಳಗೆ ಗತ್ತಿನಿಂದ ಕೂತಿರುತ್ತಿತ್ತು. ಬಯಲುಸೀಮೆಯಿಂದ ಬಂದ ನನಗೆ ಆ ಬೆಟ್ಟಗಳು ಕೊನೆಯವರೆಗೂ ಪೂರಾ ನಿಜ ಅನ್ನಿಸಲೇ ಇಲ್ಲ. ಬೆಳಿಗ್ಗೆ ಇರುತ್ತಿದ್ದವು, ಚಹ ಕುಡಿದು ತಲೆ ಎತ್ತಿದರೆ ಮಂಜಿನಲ್ಲಿ ಕಾಣೆಯಾಗಿರುತ್ತಿದ್ದವು.

ಬಾಳೂರಿನ ಕಡೆ, ಒಂದು ಗುಡ್ಡದ ಮೇಲಿನ ಶಾಲೆಯ ಮೇಷ್ಟ್ರು ಸಂತೆಯ ದಿನ ನನ್ನ ಕೋಣೆಗೆ ಬಂದರು. ಅಲ್ಲಿಯವರೇ, ನಲವತ್ತು ದಾಟಿದವರು, ಗಂಟಲು ಒಡೆದು ದನಿ ಪಿಸುಮಾತಿಗಿಂತ ಮೇಲೇಳದವರು. ತರಗತಿ ಕೂಡಿಸಬೇಕಾದರೆ ಊಟದ ತಟ್ಟೆ ಬಾರಿಸುತ್ತಿದ್ದರು. ಆ ವರ್ಷ ಮೇಲಿನಿಂದ ಒಂದು ಅಪ್ಪಣೆ ಬಂದಿತ್ತು: ಮೂರು ನಾಲ್ಕನೆಯ ತರಗತಿಯ ಮಕ್ಕಳು ಚರಿತ್ರೆ ಭೂಗೋಳಗಳನ್ನು ಬಾಯಿಪಾಠ ಮಾಡಿದರೆ ಸಾಲದು, ತಮ್ಮ ಊರನ್ನು ತಾವೇ ವಿಚಾರಿಸಿ, ನೋಡಿ, ಬರೆದು, ನಕ್ಷೆ ತೆಗೆಯಬೇಕು. ಮಳೆಗಾಲಕ್ಕೆ ಮುಂಚೆ ಇನ್ಸ್‌ಪೆಕ್ಟರು ಬಂದು ನೋಡುತ್ತಾರೆ.

"ನಮ್ಮೂರಿನ ವಿಷಯ ಇರೋ ಪುಸ್ತಕ ಒಂದು ಕೊಡಿ ಮಾರಾಯ್ರೆ," ಅಂದರು ಮೇಷ್ಟ್ರು.

ಬೀರುಗಳನ್ನೆಲ್ಲ ಹುಡುಕಿದೆವು. ಬಾಬಾಬುಡನ್‌ಗಿರಿಗೆ ಕಾಫಿ ಬೀಜ ಬಂದ ಕತೆ ಸಿಕ್ಕಿತು, ಕಳಸದ ದೇವಸ್ಥಾನ ಸಿಕ್ಕಿತು, ಲಂಡನ್ನಿನ ಮಳೆಯ ಲೆಕ್ಕವೂ ಸಿಕ್ಕಿತು. ಅವರ ಗುಡ್ಡ ಮಾತ್ರ ಎಲ್ಲೂ ಇರಲಿಲ್ಲ.

"ಇಲ್ಲದಿದ್ದರೆ ಮಕ್ಕಳೇ ಬರೆಯಲಿ ಬಿಡಿ," ಅಂದೆ. ಹುರುಪು ನನಗೆ ಬೇಗ ಬರುತ್ತದೆ. "ಸರ್ವೆ ನಕ್ಷೆ ನನ್ನ ಹತ್ತಿರ ಇದೆ, ದಿಕ್ಸೂಚಿ ಇದೆ. ನಾನೂ ಬರುತ್ತೇನೆ."

ಮೇಷ್ಟ್ರು ಹೋಗಲು ಎದ್ದವರು ಮತ್ತೆ ಕೂತರು. ಅವರ ಮನಸ್ಸಿನಲ್ಲಿದ್ದುದು ಬೇರೆಯೇ ಆಗಿತ್ತು. ಗುಡ್ಡದ ಮೇಲಿನ ಶಾಲೆ ಹಳೆಯ ಹುಲ್ಲುಮಾಡು. ಪಕ್ಕದ ಎಸ್ಟೇಟಿನ ಯಜಮಾನರು ರಸ್ತೆ ಬದಿಯಲ್ಲಿ ಹೆಂಚಿನ ಕಟ್ಟಡ ಕೊಡಲು ಒಪ್ಪಿದ್ದರು. ಮಳೆಗಾಲ ಹಿಡಿಯುವಾಗ ಶಾಲೆ ಅಲ್ಲಿಗೆ ಹೋಗುವುದೆಂದು ತೀರ್ಮಾನವಾಗಿತ್ತು.

"ಕಟ್ಟಡ ಒಳ್ಳೇದೇ," ಅಂದರು. "ಆದ್ರೆ ಅಲ್ಲಿಗೆ ಹೋದ್ರೆ ಜೈನು ಬರೂದಿಲ್ಲ."

ಈ ಬರಹದಲ್ಲಿ ಯಾರ ಹೆಸರನ್ನೂ ಹೇಳಬಾರದೆಂದುಕೊಂಡಿದ್ದೇನೆ. ಈ ಒಂದು ಹೆಸರು ಬಿಟ್ಟರೆ ಕತೆಯೇ ಇಲ್ಲ. ಜೈನು ಮೂರನೆಯ ತರಗತಿಯ ಹುಡುಗಿ. ಅವಳ ತಂದೆ ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಹೇರಿಕೊಂಡು ಚಿಕ್ಕಮಗಳೂರಿಗೆ ಗಾಡಿ ಹೊಡೆಯುವವರು, ತಿಂಗಳಲ್ಲಿ ಅರ್ಧ ಮನೆಯಲ್ಲಿರರು. ಚಿಕ್ಕ ಮಕ್ಕಳನ್ನು ಬಿಟ್ಟು ತಾಯಿ ಅಂಗಳ ದಾಟುವಂತಿಲ್ಲ. ಅವರ ಮನೆ ಶಾಲೆಗೆ ಎದುರು ಗುಡ್ಡದ ಮಡಿಲಲ್ಲಿ. ಮಗಳನ್ನು ಕಳಿಸುವುದಕ್ಕೆ ತಾಯಿಯದು ಒಂದೇ ಷರತ್ತು: ತಾನು ಕೂಗಿದರೆ ಕೇಳಬೇಕು, ಕೇಳಿದವಳು ಓಗೊಡಬೇಕು.

ನಾನು ಇದನ್ನು ಮೊದಲ ಭೇಟಿಯಲ್ಲೇ ಕಂಡೆ. ಪೆಟ್ಟಿಗೆ ತೆರೆದು ಮಕ್ಕಳನ್ನು ಓದಲು ಕೂಡಿಸಿದ್ದೆ. ಕಣಿವೆಯ ಆಚೆಯಿಂದ, ಯಾರೋ ನಿದ್ದೆಯಲ್ಲಿ ಕರೆದ ಹಾಗೆ, "ಜೈನೂ..." ಎಂದು ತೇಲಿಬಂತು. ಒಂದು ಹುಡುಗಿ ಪುಸ್ತಕವನ್ನು ಮಗುಚಿಟ್ಟು ಬಾಗಿಲಿಗೆ ಓಡಿ, ಎರಡೂ ಕೈ ಬಾಯಿಗೆ ಹಿಡಿದು "ಓ..." ಎಂದು ಕೂಗಿ, ಏನೂ ಆಗದವಳಂತೆ ಬಂದು ಕೂತು ಮುಂದಿನ ಸಾಲು ಓದತೊಡಗಿದಳು. ನಾನು ಗದರಿಸಲು ಬಾಯಿ ತೆರೆದೆ. ಮೇಷ್ಟ್ರು ನನ್ನ ಮೊಣಕೈ ಹಿಡಿದು, "ಅದು ಬ್ಯಾಡ," ಅಂದರು.

ಕೆಲಸ ಶುರುವಾಯಿತು. ನಾನು ಕಲಿಸಿದ ಕ್ರಮ ಸರಳ. ಮೊದಲು ಪ್ರಶ್ನೆ. ಆಮೇಲೆ ಉತ್ತರ ಎಲ್ಲಿರಬಹುದು ಎಂಬ ಯೋಚನೆ: ಪುಸ್ತಕದಲ್ಲೋ, ಕಣ್ಣಿಗೆ ಕಾಣುವುದರಲ್ಲೋ, ಯಾರದಾದರೂ ನೆನಪಿನಲ್ಲೋ. ಹೇಳಿದವರು ಯಾರೆಂದು ಹೇಳದೆ ಏನನ್ನೂ ಬರೆಯಬಾರದು. ಇಬ್ಬರು ಬೇರೆ ಬೇರೆ ಹೇಳಿದರೆ ಎರಡನ್ನೂ ಬರೆಯಬೇಕು. ಮೇಷ್ಟ್ರು ತಮ್ಮ ಪಿಸುದನಿಯಲ್ಲಿ ಅದನ್ನು ಮಕ್ಕಳ ಮಾತಿಗೆ ತಿರುಗಿಸುತ್ತಿದ್ದರು: "ಅಜ್ಜಿ ಹೇಳಿದ್ದು ಅಂತಾದ್ರೆ ಯಾವ ಅಜ್ಜಿ? ಅವ್ರು ನೋಡಿದ್ದಾ, ಕೇಳಿದ್ದಾ?" ಈ ಒಂದು ಪ್ರಶ್ನೆಯನ್ನು ಮಕ್ಕಳು ಕಚ್ಚಿ ಹಿಡಿದರು. ಆಮೇಲಾಮೇಲೆ ನಾನು ಏನು ಹೇಳಿದರೂ, "ನೀವು ನೋಡಿದ್ದಾ ಸಾರ್?" ಎಂದು ನನ್ನನ್ನೇ ಕೇಳತೊಡಗಿದರು.

ಹಳ್ಳಕ್ಕೆ ಆ ಹೆಸರು ಯಾಕೆ, ಮೊದಲು ಕಾಡು ಕಡಿದವರು ಯಾರು ಎಂಬುದೆಲ್ಲ ಸಲೀಸಾಗಿ ಸಾಗಿತು. ಎಡವಿದ್ದು ನಕ್ಷೆಯಲ್ಲಿ. ಪ್ರತಿ ಮನೆ ಶಾಲೆಯಿಂದ ಎಷ್ಟು ದೂರ ಎಂದು ಹೆಜ್ಜೆಯಲ್ಲಿ ಅಳೆದು ತನ್ನಿ ಎಂದಿದ್ದೆ. ಹತ್ತುವ ಹೆಜ್ಜೆ ಬೇರೆ, ಇಳಿಯುವ ಹೆಜ್ಜೆ ಬೇರೆ, ಮಕ್ಕಳಿಗೆ ತಲೆಕೆಟ್ಟಿತು. ಮರುವಾರ ನಾನು ಹೋದಾಗ ಎಲ್ಲರೂ ತಮಗೆ ಗೊತ್ತಿದ್ದ ಅಳತೆಯನ್ನೇ ತಂದಿದ್ದರು. ಒಬ್ಬನದು ಒಂದು ಕೂಗಳತೆ, ಇನ್ನೊಬ್ಬಳದು ಒಂದೂವರೆ. ಮತ್ತೊಬ್ಬಳು ಎದ್ದು ನಿಂತು, "ನಮ್ಮನೆ ಬೆಳಿಗ್ಗೆ ಒಂದು ಕೂಗು, ಸಂಜೆ ಗಾಳಿ ತಿರುಗಿದ ಮೇಲೆ ಎರಡು ಸಾರ್," ಅಂದಳು.

"ಮನೆ ಏನು ಸಂಜೆ ಹೊತ್ತು ಎದ್ದು ಹಿಂದಕ್ಕೆ ಹೋಗುತ್ತದಾ?" ಎಂದು ರೇಗಿದೆ.

ಮಕ್ಕಳು ಅದನ್ನು ನಿಜವಾಗಿ ಯೋಚಿಸುವವರ ಹಾಗೆ ಕಿಟಕಿಯ ಹೊರಗೆ ನೋಡಿದರು. ಅಲ್ಲಿ ಮಂಜು ಕವಿದಿತ್ತು, ಮನೆಗಳು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು.

ಕೊನೆಗೆ ಸರ್ವೆ ನಕ್ಷೆ ಬಿಚ್ಚಿ, ದಿಕ್ಸೂಚಿ ಇಟ್ಟು, ದಾರದಿಂದ ದಾರಿಯ ತಿರುವುಗಳನ್ನು ಅಳೆಯುವುದು ಹೇಗೆಂದು ತೋರಿಸಿದೆ. ಕಾಗದಕ್ಕೆ ರೇಷನ್ ಇದ್ದ ಕಾಲ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಚೆಂದದ ನಕ್ಷೆ ಮೂಡಿತು. ಹೊಸ ಕಟ್ಟಡವನ್ನೂ ಅದರಲ್ಲಿ ಗುರುತಿಸಿದೆವು. ನೋಡಿದರೆ, ಎಲ್ಲರಿಗಿಂತ ಹೆಚ್ಚು ಅನುಕೂಲವಾಗುವುದು ಜೈನುವಿಗೇ! ಹಳೆಯ ಶಾಲೆಗೆ ಅವಳು ಕಣಿವೆ ಇಳಿದು ಹತ್ತಬೇಕು. ಹೊಸದು ಅವಳ ಮನೆಯ ಗುಡ್ಡದ ಬುಡದಲ್ಲೇ, ಕೆಳಗಿನ ಕಾಡುದಾರಿ ಹಿಡಿದರೆ ದೂರ ಅರ್ಧಕ್ಕರ್ಧ ಕಡಿಮೆ. ಕಷ್ಟ ಬಗೆಹರಿಯಿತೆಂದು ನನಗೆ ಖುಷಿಯಾಯಿತು.

ಜೈನು ನಕ್ಷೆಯಲ್ಲಿ ತನ್ನ ಮನೆಗೂ ಹೊಸ ಕಟ್ಟಡಕ್ಕೂ ನಡುವೆ ಎದ್ದ ಗುಡ್ಡದ ಬೆನ್ನಿನ ಮೇಲೆ ಬೆರಳಿಟ್ಟಳು. "ಇಲ್ಲಿ ಗುಡ್ಡದ ಏಣು ಅಡ್ಡ ಬರ್ತದೆ ಸಾರ್. ಅಮ್ಮ ಕೂಗಿದ್ದು ಏಣು ದಾಟೂದಿಲ್ಲ," ಅಂದಳು.

ಹಿಂದಿನ ಮಳೆಗಾಲದಲ್ಲಿ ಆ ಕೆಳದಾರಿಯಲ್ಲಿ ಹುಲಿ ಒಂದು ಕರುವನ್ನು ಎಳೆದೊಯ್ದಿತ್ತು. ದಾರಿಯುದ್ದಕ್ಕೂ ಒಂದು ಮನೆಯೂ ಇಲ್ಲ. ನಮ್ಮ ನಕ್ಷೆಯಲ್ಲಿ ತಪ್ಪಿರಲಿಲ್ಲ, ಆದರೆ ಅದನ್ನು ನೋಡಿದ ಯಾರೇ ಆದರೂ ಈ ಹುಡುಗಿಗೆ ಶಾಲೆ ಹತ್ತಿರವಾಯಿತು, ಬಾರದೆ ಇದ್ದರೆ ಅದು ಅವಳ ತಾಯಿಯ ಹಟ ಎಂದೇ ಹೇಳುತ್ತಿದ್ದರು. ನಾವೇ ಕೈಯಾರೆ ಅವಳಿಗೆ ಬಾಗಿಲು ಮುಚ್ಚುತ್ತಿದ್ದೆವು.

ಅಷ್ಟರಲ್ಲಿ ಹೂಮಳೆ ಬಿತ್ತು. ಕಾಫಿಗೆ ಹೂ ಕಟ್ಟಿಸುವ ಆ ಬೇಸಿಗೆಯ ಮಳೆ ಬಂದು ವಾರ ಕಳೆದ ಮೇಲೆ ನಾನು ಪೆಟ್ಟಿಗೆ ಹೊರಿಸಿಕೊಂಡು ಗುಡ್ಡ ಹತ್ತಿದರೆ ತೋಟವೆಲ್ಲ ಬೆಳ್ಳಗಾಗಿತ್ತು. ಮರದ ನೆರಳಿನ ಕೆಳಗೆ, ಹರಿದು ನಿಂತ ಹಾಲಿನ ಹಾಗೆ, ಕಣ್ಣು ಹೋದಷ್ಟು ದೂರ ಹೂವು. ಆ ಪರಿಮಳದಲ್ಲಿ ಕೂಲಿಯವರು ಮಾತೂ ಕಡಿಮೆ ಮಾಡಿದ್ದರು. ಜೇನ್ನೊಣಗಳ ಗುಂಯ್‌ಗುಡುವಿಕೆ ಒಂದೇ. ಬೇರೆ ಯಾರದೋ ಕನಸಿನೊಳಗೆ ಚಪ್ಪಲಿ ಬಿಟ್ಟು ನಡೆಯುತ್ತಿರುವಂತೆ ನಡೆದೆ. ಶಾಲೆ ಮುಟ್ಟಿದಾಗ ಮೇಷ್ಟ್ರು ಹೊರಗೆ ಕಲ್ಲಿನ ಮೇಲೆ ಕೂತಿದ್ದರು.

"ಇನ್ನೊಂದು ನಕ್ಷೆ ಮಾಡುವ," ಅಂದರು. "ನಿಮ್ಮದು ಇರ್ಲಿ. ಇದು ಕೂಗಿನದ್ದು. ಯಾವ ಮನೆ ಕೂಗು ಎಲ್ಲಿವರೆಗೆ ಮುಟ್ತದೆ ಅಂತ ಮಕ್ಕಳೇ ನಿಂತು ನೋಡ್ಲಿ."

"ಇನ್ಸ್‌ಪೆಕ್ಟರು ಒಪ್ಪುತ್ತಾರಾ?"

"ಅವ್ರು ಒಪ್ಪೂದು ಬಿಡೂದು ಆಮೇಲೆ. ನಮಗೆ ಗೊತ್ತಾಗ್ಲಿ ಅಲ್ಲಾ ಮಾರಾಯ್ರೆ."

ಕೂಗಿಗೆ ಸ್ಕೇಲು ಯಾವುದು, ದಪ್ಪ ದನಿ ತೆಳು ದನಿಗೆ ಲೆಕ್ಕ ಹೇಗೆ ಎಂದು ನಾನು ಒಂದಿಷ್ಟು ವಾದ ಮಾಡಿದೆ. ಆಮೇಲೆ ಒಪ್ಪಿದೆ. ಒಪ್ಪಿದ ಮೇಲೆ ಕ್ರಮವನ್ನು ನಾನೇ ಕಟ್ಟಿದೆ. ಬೆಳಿಗ್ಗೆ ಗಾಳಿ ಏಳುವ ಮೊದಲು, ಪ್ರತಿ ಮನೆಯಿಂದ ದಿನಾ ಮಕ್ಕಳನ್ನು ಕರೆಯುವವರೇ ಅಂಗಳದಲ್ಲಿ ನಿಂತು ಕೂಗಬೇಕು. ಮಕ್ಕಳು ದಾರಿಗಳ ಮೇಲೆ ಅಲ್ಲಲ್ಲಿ ನಿಂತಿರಬೇಕು. ಕೇಳಿದರೆ ಬಿಳಿ ಬಟ್ಟೆ ಎತ್ತಬೇಕು, ಕೇಳದಿದ್ದರೆ ಸುಮ್ಮನಿರಬೇಕು, ಕೇಳಿದ ಹಾಗಾಯಿತು ಎನ್ನುವುದು ಸಲ್ಲದು. ನಾನು ಶಾಲೆಯ ಎತ್ತರದಲ್ಲಿ ನಿಂತು ಗುರುತು ಹಾಕುವುದು. ಮೊದಲ ಕೂಗು ಜೈನುವಿನ ತಾಯಿಯದು, ಆಮೇಲೆ ಮನೆಮನೆಯದೂ ಸರದಿಯಲ್ಲಿ.

ಆ ಬೆಳಗು ನನಗೆ ಮರೆಯುವುದಿಲ್ಲ. ಕಣಿವೆಯಲ್ಲಿ ಮಂಜು ತುಂಬಿ, ಮೇಲೆ ಸಿಲ್ವರ್ ಓಕ್ ಮರಗಳ ತಲೆಗಳು ಮಾತ್ರ ತೇಲುತ್ತಿದ್ದವು. ಕೂಗು ಬಂತು. ಮಂಜಿಗಿಂತ ಮೇಲಿನ ದಾರಿಯಲ್ಲಿ ಎಲ್ಲೋ ಒಂದು ಬಿಳಿ ಬಟ್ಟೆ ಎದ್ದಿತು, ಅದರಾಚೆ ಇನ್ನೊಂದು. ಎರಡನೆಯ ಮನೆ ಕೂಗಿತು, ಮೂರನೆಯದು ಕೂಗಿತು. ಬೆಟ್ಟಗಳು ಒಂದನ್ನೊಂದು ಹೆಸರು ಹಿಡಿದು ಕರೆಯುತ್ತಿವೆ ಅನ್ನಿಸಿತು. ನಾನು ಪೆನ್ಸಿಲು ಕೈಯಲ್ಲಿ ಹಿಡಿದು ಗುರುತು ಹಾಕುವುದನ್ನೇ ಮರೆತು ನಿಂತೆ.

ಅಷ್ಟರಲ್ಲಿ ನಾಯಿಗಳು ಬೊಗಳತೊಡಗಿದವು. ಆಮೇಲೆ ತಗಡು ಬಡಿಯುವ ಸದ್ದು. ನೋಡನೋಡುತ್ತಿದ್ದಂತೆ ಮಂಜಿನೊಳಗಿಂದ ಜನ ಎದ್ದು ಬಂದರು: ದೊಣ್ಣೆ ಹಿಡಿದವರು, ಕತ್ತಿ ಹಿಡಿದವರು, ಎಸ್ಟೇಟಿನ ಕೋವಿ ಹೊತ್ತ, ಅಲ್ಲಿನ ಲೆಕ್ಕ ಬರೆಯುವ ರೈಟರ್. ಆ ಬೆಟ್ಟಗಳಲ್ಲಿ ಒಂದು ಮನೆ ಕೂಗಿದರೆ ಅದು ಕೂಗು ಅಷ್ಟೇ. ಮನೆಯಿಂದ ಮನೆಗೆ ಸಾಲಾಗಿ ಕೂಗಿದರೆ ಹುಲಿ, ಇಲ್ಲವೇ ಬೆಂಕಿ, ಇಲ್ಲವೇ ಕಳೆದುಹೋದ ಮಗು. ನನಗಂತೂ ಗೊತ್ತಿರಲಿಲ್ಲ. ಮೇಷ್ಟ್ರಿಗೆ ಗೊತ್ತಿದ್ದೂ ಹೊಳೆದಿರಲಿಲ್ಲ.

"ಹುಲಿ ಎಲ್ಲಿ?" ಎಂದರು ರೈಟರ್, ಏದುಸಿರು ಬಿಡುತ್ತಾ.

"ಹುಲಿ ಇಲ್ಲ. ಭೂಗೋಳ," ಅಂದೆ.

ಅವರು ನನ್ನನ್ನು ನೋಡಿದ ನೋಟ ಈಗಲೂ ಬೆನ್ನಿಗೆ ಚುಚ್ಚುತ್ತದೆ. ಅರ್ಧ ದಿನದ ಕೆಲಸ ಹಾಳು, ಯಜಮಾನರಿಗೆ ಏನು ಹೇಳೂದು, ಇನ್ನು ಈ ಗುಡ್ಡದಲ್ಲಿ ಶಾಲೆಯವರು ಕೂಗಿದರೆ ಹುಷಾರ್ ಎಂದು ಕೂಗಾಡಿದರು. ಮೇಷ್ಟ್ರು ತಲೆ ತಗ್ಗಿಸಿ ನಿಂತಿದ್ದರು. ಕೆಲಸ ಇಲ್ಲಿಗೆ ಮುಗಿಯಿತೆಂದು ನಾನು ಪೆಟ್ಟಿಗೆ ಮುಚ್ಚಲು ಒಳಗೆ ಹೋದೆ.

ಆಗ ರಸ್ತೆಯ ಕಡೆಯಿಂದ ಇಬ್ಬರು ಓಡಿ ಬಂದರು. ಹೊಸ ಕಟ್ಟಡದಲ್ಲಿ ಹೆಂಚು ಹೊದಿಸುತ್ತಿದ್ದ ಆಳುಗಳು. ಮೇಷ್ಟ್ರು ಥಟ್ಟನೆ ತಲೆ ಎತ್ತಿದರು. "ನಿಮಗೆ ಯಾರು ಹೇಳಿದ್ದು?" ಎಂದು ತಮ್ಮ ಒಡಕು ದನಿಯಲ್ಲಿ ಕೇಳಿದರು.

"ಕೂಗು ಕೇಳ್ತಲ್ಲ! ಕಮ್ಮಾರ್‍ರ ಮನೆಯವ್ರು ಕೂಗಿದ್ರು."

"ಅವ್ರಿಗೆ?"

"ಏಣಿನ ಮೇಲಿನ ಲೈನ್‌ಮನೆಯಿಂದ. ಮೇಸ್ತ್ರಿ ಹೆಂಡ್ತಿ ಕೂಗಿದ್ದಂತೆ."

ಏಣಿನ ಮೇಲೆ ಎಸ್ಟೇಟಿನ ಕೂಲಿಗಳ ಸಾಲುಮನೆಯಲ್ಲಿದ್ದ ಆ ಮೇಸ್ತ್ರಿಯ ಹೆಂಡತಿಗೆ ಕೇಳಿಸಿದ್ದು ಜೈನುವಿನ ತಾಯಿಯ ಕೂಗು. ನೇರವಾಗಿ ಏಣು ದಾಟಲಾರದ ದನಿ, ಏಣಿನ ತಲೆಯ ಮೇಲೆ ಹತ್ತಿ, ಅಲ್ಲಿಂದ ಕಮ್ಮಾರನ ಕುಲುಮೆಗೆ ಇಳಿದು, ಹೊಸ ಶಾಲೆಯ ಬಾಗಿಲಿಗೆ ಬಂದು ನಿಂತಿತ್ತು. ಮೇಷ್ಟ್ರು ನನ್ನ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರು ತುಂಬಿತ್ತು. ನಾನು ಪೆಟ್ಟಿಗೆಯ ಮುಚ್ಚಳವನ್ನು ಮತ್ತೆ ತೆಗೆದೆ.

ಆ ಬೆಳಿಗ್ಗೆ ಯಾವ ಮನೆಯ ಕೂಗು ಎಲ್ಲಿವರೆಗೆ ಕೇಳಿತೆಂದು ಮಕ್ಕಳು ಓಡಿ ಬಂದವರನ್ನೂ ಮನೆಯವರನ್ನೂ ವಿಚಾರಿಸಿ ತಂದರು. ಕ್ಯಾಲೆಂಡರು ಮುಗಿದಿತ್ತು, ಬೇರೆ ಕಾಗದ ಸಿಗಲಿಲ್ಲ. ಮೇಷ್ಟ್ರು ತಮ್ಮದೊಂದು ಹಳೆಯ ಪಂಚೆ ತಂದು ಹಾಸಿದರು. ಮಕ್ಕಳು ಮಸಿಯಲ್ಲಿ ಮನೆಗಳನ್ನೂ, ಪ್ರತಿ ಮನೆಯ ಸುತ್ತ ಅದರ ಕೂಗು ಮುಟ್ಟುವ ಎಲ್ಲೆಯನ್ನೂ ಅರಿಸಿನದಲ್ಲಿ ಬರೆದರು. ಎಲ್ಲೆಗಳು ದುಂಡಗೆ ಬರಲಿಲ್ಲ. ಕಣಿವೆಯ ಕಡೆ ಉದ್ದಕ್ಕೆ ಚಾಚಿ, ಏಣಿನ ಕಡೆ ಕುಗ್ಗಿ, ಒಂದೊಂದು ಎಲೆಯ ಆಕಾರ ತಾಳಿದವು. ಜೈನುವಿನ ಮನೆಯ ಎಲೆ ಲೈನ್‌ಮನೆಯನ್ನು ಮುಟ್ಟಿತು, ಲೈನ್‌ಮನೆಯದು ಕುಲುಮೆಯನ್ನು, ಕುಲುಮೆಯದು ಶಾಲೆಯನ್ನು. ಈ ಎಲೆಗಳೊಳಗೇ ಹಾದುಹೋಗುವ ಮೇಲುದಾರಿ ಕೆಳದಾರಿಗಿಂತ ತುಂಬ ಉದ್ದ. ಆದರೆ ಅದರಲ್ಲಿ ಎಲ್ಲಿ ನಿಂತರೂ ಯಾರಾದರೊಬ್ಬರ ಕೂಗಿನೊಳಗೆ ಇರುತ್ತೀರಿ.

ಪಂಚೆ ಹೆಗಲಿಗೆ ಹಾಕಿಕೊಂಡು ನಾವು ಜೈನುವಿನ ಮನೆಗೆ ಹೋದೆವು. ತಾಯಿ ಅಂಗಳದಲ್ಲೇ ಮಣೆ ಹಾಕಿ ಕೂಡಿಸಿ, ಬೆಲ್ಲದ ಕಾಫಿ ಕೊಟ್ಟು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಪಂಚೆಯನ್ನು ನೋಡಿದರು.

"ನಂಗೆ ಇದೆಲ್ಲ ತಿಳಿಯೂದಿಲ್ಲ ಮೇಷ್ಟ್ರೆ. ಮೊನ್ನೆ ನಾನು ಕೂಗಿದ್ದಕ್ಕೆ ಊರೆಲ್ಲ ಓಡಿ ಬಂತಲ್ಲ, ನಾಚಿಕೆ ಆಗಿ ಎರಡು ದಿವಸ ಹೊರಗೆ ಮುಖ ಹಾಕ್ಲಿಲ್ಲ."

"ಲೈನ್‌ಮನೆಯವ್ರು, ಕಮ್ಮಾರ್‍ರು ಇಬ್ರೂ ಒಪ್ಪಿದಾರೆ," ಅಂದರು ಮೇಷ್ಟ್ರು. "ನೀವು ಕೂಗಿದ್ರೆ ಅವ್ರು ದಾಟಿಸ್ತಾರೆ."

ಆಕೆ ಏಣಿನ ಕಡೆ ತಿರುಗಿ ನೋಡಿದರು. "ಹಂಗಾದ್ರೆ ನನ್ನ ಮಗಳ ಹೆಸರೇ ಕೂಗ್ಬೇಕು. ಬರೇ ಹೋಯ್ ಅಂದ್ರೆ ಆಗೂದಿಲ್ಲ, ಹುಲಿ ಬಂದ್ರೂ ಹೋಯ್ ಅಂತಾರೆ. ಮತ್ತೆ ಅವಳು ಓ ಅಂದದ್ದು ತಿರುಗಿ ನಂಗೆ ಮುಟ್ಬೇಕು. ಒಂದು ದಿವಸ ನೋಡ್ತೇನೆ. ಮುಟ್ಲಿಲ್ಲ ಅಂದ್ರೆ ಮಾರನೇ ದಿನ ಕಳ್ಸೂದಿಲ್ಲ."

ಹೆಸರು ಕೂಗಿದರೆ ಶಾಲೆ, ಹೋಯ್ ಎಂದರೆ ಹುಲಿ. ಈ ಏರ್ಪಾಡು ಕೇಳಿ ಎಸ್ಟೇಟಿನ ರೈಟರ್ ಕೂಡ ಶಾಂತರಾದರು.

ಇನ್ಸ್‌ಪೆಕ್ಟರು ಮೇ ತಿಂಗಳ ಸೆಕೆಯಲ್ಲಿ ಬಂದರು. ಸರ್ವೆಯಂತೆ ತೆಗೆದ ನಕ್ಷೆಯನ್ನು ಹೊಗಳಿದರು. ಪಂಚೆಯನ್ನು ಕೊರಳು ವಾಲಿಸಿ ನೋಡಿ, "ಇದರ ಸ್ಕೇಲ್ ಏನಮ್ಮ?" ಎಂದು ಜೈನುವನ್ನೇ ಕೇಳಿದರು. "ಕೂಗು ಸಾರ್," ಅಂದಳು. ಅವರು ಮನಸಾರೆ ನಕ್ಕು, "ಒಗೆದು ಮೇಷ್ಟ್ರಿಗೆ ವಾಪಸು ಕೊಟ್ಟುಬಿಡಿ," ಎಂದು ಹೇಳಿ ಹೋದರು. ನನಗೆ ಮೈಯೆಲ್ಲ ಉರಿಯಿತು. ಮೇಷ್ಟ್ರು ಪಂಚೆಯನ್ನು ಒಗೆಯಲಿಲ್ಲ, ಮಡಚಿಟ್ಟರು.

ಹೊಸ ಕಟ್ಟಡದಲ್ಲಿ ಶಾಲೆ ತೆರೆದ ದಿನ ಪೆಟ್ಟಿಗೆ ಸಮೇತ ನಾನೂ ಹೋದೆ. ಜೈನು ಮೇಲುದಾರಿಯಿಂದ, ಮಳೆಗೆ ಎಲೆ ಹೆಣೆದ ಗೊರಗ ಸೂಡಿಕೊಂಡು ಬಂದಿದ್ದಳು. ಬಾಗಿಲ ಎದುರಿನ ಗೋಡೆಯ ಮೇಲೆ ಪಂಚೆ ಹರಡಿತ್ತು. ಎಲ್ಲ ಸರಿ, ಆದರೆ ಒಂದನ್ನು ನಾವ್ಯಾರೂ ಎಣಿಸಿರಲಿಲ್ಲ. ನಾವು ಕೂಗು ಅಳೆದದ್ದು ಹೂವಿನ ಕಾಲದಲ್ಲಿ, ಈಗ ಮುಂಗಾರು ಹಿಡಿದಿತ್ತು. ಹೆಂಚಿನ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಪಕ್ಕದವನ ಮಾತೂ ಕೇಳುತ್ತಿರಲಿಲ್ಲ. ಹಳೆಯ ಹುಲ್ಲುಮಾಡಿನಲ್ಲಿ ಮಳೆಗೆ ಸದ್ದೇ ಇರಲಿಲ್ಲವೆಂದು ಆಗ ನೆನಪಾಯಿತು. ಮೇಷ್ಟ್ರು ಬಾಗಿಲಲ್ಲಿ ನಿಂತು ಏಣಿನ ಕಡೆಗೆ ಕಿವಿ ಕೊಟ್ಟಿದ್ದರು. ಆಕೆ ದಿನಾ ಕೂಗುವ ಹೊತ್ತು ಆಯಿತು, ಕಳೆಯಿತು. ಮಳೆ ನಿಲ್ಲಲಿಲ್ಲ.

ಏನು ಮಾಡಬೇಕೋ ತೋಚದೆ ನಾನು ಪೆಟ್ಟಿಗೆ ತೆರೆದು ಪುಸ್ತಕ ಹಂಚಿದೆ. ಮಕ್ಕಳು ಮಾತಿಲ್ಲದೆ ಓದತೊಡಗಿದರು. ಜೈನು ಪುಟ ತಿರುಗಿಸಲೇ ಇಲ್ಲ. ನಾಳೆ ಈ ಜಾಗ ಖಾಲಿ ಇರುತ್ತದೆ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಆಮೇಲೆ, ಮಲೆನಾಡಿನ ಮಳೆ ಉಸಿರು ಎಳೆದುಕೊಳ್ಳಲು ಒಮ್ಮೊಮ್ಮೆ ನಿಲ್ಲುತ್ತದಲ್ಲ, ಹಾಗೆ ಹೊಳವಾಯಿತು. ಹೆಂಚಿನಿಂದ ಹನಿ ತೊಟ್ಟಿಕ್ಕುತ್ತಿತ್ತು. ರಸ್ತೆಯ ಆಚೆ ಕುಲುಮೆಯ ಕಡೆಯ ಮಂಜಿನೊಳಗಿಂದ, ಇದ್ದಿಲು ತಿಂದಂಥ ಒಂದು ಗಡಸು ಗಂಡುದನಿ, ಎಂದೂ ಯಾರನ್ನೂ ಮುದ್ದಿನಿಂದ ಕರೆದು ಅಭ್ಯಾಸವಿಲ್ಲದ ದನಿ, ತಡವರಿಸಿಕೊಂಡು ಕೂಗಿತು:

"ಜೈನೂ..."

ಹುಡುಗಿ ಅರ್ಧ ಎದ್ದಳು. ತೆರೆದ ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

ಮೋಡ ಮತ್ತೆ ಕವಿಯುತ್ತಿತ್ತು. "ಹೋಗು, ಓಗೊಡು!" ಎಂದು ನಾನು ಕಿರುಚಿದೆ. ನನ್ನ ದನಿ ಆ ಕೋಣೆಯಲ್ಲಿ ಎಷ್ಟು ದೊಡ್ಡದಾಗಿ ಕೇಳಿಸಿತೆಂದರೆ ಮಕ್ಕಳೆಲ್ಲ ಬೆಚ್ಚಿಬಿದ್ದರು. ಜೈನು ಬಾಗಿಲಿಗೆ ಓಡಿದಳು. ಅವಳ ಹಿಂದೆ ಇಡೀ ತರಗತಿ ಎದ್ದು ಓಡಿತು, ಮೇಷ್ಟ್ರು ಒಡೆದ ಗಂಟಲಲ್ಲಿ ಬಾಯಿ ತೆರೆದರು, ನಾನೂ ತೆರೆದೆ. ಎಲ್ಲ ಸೇರಿ "ಓ..." ಎಂದೆವು.

ಕುಲುಮೆಯ ಕಡೆಯಿಂದ ಅದು ಮರುಕಳಿಸಿತು. ಆಮೇಲೆ ಮೇಲೆ ಎಲ್ಲೋ ಏಣಿನ ತಲೆಯಲ್ಲಿ, ಹೆಂಗಸಿನ ದನಿಯಲ್ಲಿ, ತೆಳ್ಳಗೆ. ಅಲ್ಲಿಂದಾಚೆಗೆ ನಮಗೆ ಕೇಳಿಸುವಂತಿರಲಿಲ್ಲ. ಉಸಿರು ಹಿಡಿದು ನಿಂತೆವು. ಓಗೊಟ್ಟದ್ದು ಮುಟ್ಟದಿದ್ದರೆ ತಾಯಿ ಮತ್ತೆ ಕೂಗುತ್ತಿದ್ದರು, ಎರಡನೆಯ ಸಲ ಯಾರೂ ಕರೆಯಲಿಲ್ಲ. ಮೇಷ್ಟ್ರು, "ಮುಟ್ಟಿತು," ಅಂದರು. ಆಮೇಲೆ ಮಳೆ ಬಂತು.

ಜೈನು ತನ್ನ ಜಾಗಕ್ಕೆ ಹೋಗಿ ಕೂತು, ಮಗುಚಿಟ್ಟಿದ್ದ ಪುಸ್ತಕವನ್ನು ಎತ್ತಿಕೊಂಡು, ಬೆರಳಿಟ್ಟು ಸಾಲು ಹುಡುಕಿದಳು.